ಶಿವಮೊಗ್ಗ–ಭದ್ರಾವತಿ: ಕುಟುಂಬ ಯೋಜನೆ ಮತ್ತು ಸ್ತ್ರೀ ಆರೋಗ್ಯ ಸೇವೆ

ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ನೆರೆಯೂರುಗಳು. ಮೊದಲನೆಯದು ಜಿಲ್ಲಾ ಕಚೇರಿ, ಅಡಿಕೆ ಮಂಡಿ, ಕಾಲೇಜು ಮತ್ತು ಆಸ್ಪತ್ರೆಗಳ ಊರು. ಎರಡನೆಯದು ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಸುತ್ತ ಬೆಳೆದದ್ದು. 2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿ ಸುಮಾರು 3.2 ಲಕ್ಷ, ಭದ್ರಾವತಿಯಲ್ಲಿ ಸುಮಾರು 1.5 ಲಕ್ಷ, ಏಳು ತಾಲ್ಲೂಕುಗಳ ಇಡೀ ಜಿಲ್ಲೆಯಲ್ಲಿ 17.5 ಲಕ್ಷ ಜನರಿದ್ದರು. ಇಲ್ಲಿ ಕುಟುಂಬ ಯೋಜನೆ ಮತ್ತು ಹೆಣ್ಣುಮಕ್ಕಳ ಆರೋಗ್ಯದ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗಿದೆ. ಶಿವಮೊಗ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆ, ನಗರ ಮತ್ತು ಗ್ರಾಮಾಂತರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸರ್ಕಾರದ ಕಡೆಯವು. ಸ್ವಯಂಸೇವಾ ವಲಯದಲ್ಲಿ ಮುಖ್ಯವಾದದ್ದು ಭಾರತೀಯ ಕುಟುಂಬ ಯೋಜನಾ ಸಂಘದ ಶಿವಮೊಗ್ಗ ಶಾಖೆ. ಇವುಗಳ ಜೊತೆಗೆ ಖಾಸಗಿ ನರ್ಸಿಂಗ್ ಹೋಮ್‌ಗಳಿವೆ. ಎಲ್ಲಕ್ಕೂ ಕೆಳಗೆ, ಮನೆಬಾಗಿಲವರೆಗೆ ಹೋಗುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ.

ಜ್ವರದ ಮಲೆನಾಡು

ಮಲೆನಾಡಿನಲ್ಲಿ ಜನಸಂಖ್ಯೆಯ ಚಿಂತೆ ಮೊದಲು ಶುರುವಾದದ್ದು ಮಕ್ಕಳು ಹೆಚ್ಚಾದರು ಎಂದಲ್ಲ, ಉಳಿಯುತ್ತಿಲ್ಲ ಎಂದು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಹೆಚ್ಚೂಕಡಿಮೆ ನಿಂತಲ್ಲೇ ನಿಂತಿತ್ತು. ಮಲೇರಿಯಾ ಊರೂರನ್ನೇ ಬರಿದು ಮಾಡುತ್ತಿತ್ತು. ಚಳಿಜ್ವರ ಹಿಡಿದ ಬಸುರಿಗೆ ರಕ್ತಹೀನತೆ, ಗರ್ಭಸ್ರಾವ, ತೂಕವಿಲ್ಲದ ಕೂಸು ಒಂದರ ಹಿಂದೊಂದು ಬರುತ್ತಿದ್ದವು. ಹೆರಿಗೆ ಸೂಲಗಿತ್ತಿಯ ಕೈಯಲ್ಲಿ, ಮನೆಯ ಕತ್ತಲೆ ಕೋಣೆಯಲ್ಲಿ. ಹೆತ್ತ ಎಂಟರಲ್ಲಿ ಮೂರೋ ನಾಲ್ಕೋ ಉಳಿದರೆ ಪುಣ್ಯ ಎನ್ನುವ ಮನೆಗೆ ಸಂತಾನ ನಿಯಂತ್ರಣದ ಮಾತು ಅರ್ಥವಾಗುವಂತಿರಲಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಡಿಡಿಟಿ ಸಿಂಪಡಣೆ ಬಂದು ಮಲೇರಿಯಾ ಹಿಮ್ಮೆಟ್ಟಿದ ಮೇಲೆ ಮಕ್ಕಳು ಬದುಕತೊಡಗಿದರು, ಜಿಲ್ಲೆಯ ಜನಸಂಖ್ಯೆ ಒಮ್ಮೆಗೇ ಏರಿತು. ಮಗು ಉಳಿಯುತ್ತದೆಂಬ ಭರವಸೆ ಮೊದಲು, ಮಕ್ಕಳ ಸಂಖ್ಯೆಯ ಲೆಕ್ಕ ಆಮೇಲೆ. ಈ ಕ್ರಮವನ್ನು ಮರೆತ ಕಡೆಯೆಲ್ಲ ಕುಟುಂಬ ಯೋಜನೆಯ ಕಾರ್ಯಕ್ರಮ ಜನರ ಕಣ್ಣಿಗೆ ಹೊರೆಯಾಗಿಯೇ ಕಂಡಿದೆ.

ಆದರೆ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ವಿಷಯದಲ್ಲಿ ಜಗತ್ತಿಗಿಂತ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಟಿತು. ಒಂದು ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಇವು ಮೊದಲನೆಯವು ಎಂದು ಗುರುತಿಸಲಾಗುತ್ತದೆ. ಆಗ ಶಿವಮೊಗ್ಗ ಅದೇ ಸಂಸ್ಥಾನದ ಜಿಲ್ಲೆ. ಆದೇಶದ ಫಲ ಕಂಡದ್ದು ಮಾತ್ರ ಹೆಚ್ಚಾಗಿ ದೊಡ್ಡ ನಗರಗಳ ವಿದ್ಯಾವಂತ ಕುಟುಂಬಗಳು.

ರಾಮನಗರದ ಮಣಿಸರ

1952ರಲ್ಲಿ ಭಾರತ ಸರ್ಕಾರ ಮೊದಲ ಪಂಚವಾರ್ಷಿಕ ಯೋಜನೆಯೊಳಗೆ ಕುಟುಂಬ ಯೋಜನೆಯನ್ನು ಸೇರಿಸಿತು. ರಾಷ್ಟ್ರಮಟ್ಟದಲ್ಲಿ ಇಂಥ ಕಾರ್ಯಕ್ರಮ ಕೈಗೊಂಡ ಮೊದಲ ದೇಶ ಭಾರತವೇ. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಒಲವು ಸಾಧನಗಳಿಲ್ಲದ, ದಿನ ನೋಡಿ ದೂರವಿರುವ ಪದ್ಧತಿಯ ಕಡೆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ, ಇದರ ಪ್ರಯೋಗಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಮೈಸೂರು ರಾಜ್ಯದ ರಾಮನಗರವೂ ಒಂದು.

ಅಲ್ಲಿನ ಹೆಂಗಸರ ಕೈಗೆ ಕೊಟ್ಟದ್ದು ಮಣಿಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದ ದಿನ ಚಿಂತೆಯಿಲ್ಲ, ಕೆಂಪು ಮಣಿಯ ದಿನ ಗಂಡಹೆಂಡತಿ ದೂರವಿರಬೇಕು. ಸರ ಮಾಡಿದವರ ಲೆಕ್ಕ ಸರಿಯಾಗಿಯೇ ಇತ್ತು, ಮನೆಯ ಲೆಕ್ಕ ಬೇರೆ. ದೀಪವಿಲ್ಲದ ಮನೆಯಲ್ಲಿ ರಾತ್ರಿ ಹೊತ್ತು ಬಣ್ಣ ಕಾಣುವುದಿಲ್ಲ. ಮುಟ್ಟಿನ ದಿನ ತಪ್ಪುವ ಹೆಂಗಸರಿಗೆ ಮಣಿಯ ಎಣಿಕೆ ಹೊಂದುವುದಿಲ್ಲ. ಸರ ಕೈಯಲ್ಲಿದ್ದರೇ ಸಾಕು, ಬಸಿರಾಗುವುದಿಲ್ಲ ಎಂದು ನಂಬಿದವರೂ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮಣಿ ಕೆಂಪಾಗಿದೆ ಎಂದು ಹೇಳಿದರೆ ಗಂಡ ಕೇಳಬೇಕಲ್ಲ? ಪ್ರಯೋಗ ಫಲ ಕೊಡಲಿಲ್ಲ. ತಿಳಿವಳಿಕೆ ಹೆಂಗಸಿನ ಕೈಯಲ್ಲಿ, ತೀರ್ಮಾನ ಬೇರೆಯವರ ಕೈಯಲ್ಲಿ ಇರುವಾಗ ಯಾವ ಸಾಧನವೂ ಕೆಲಸಕ್ಕೆ ಬಾರದು ಎಂಬುದು ಅಲ್ಲಿಯೇ ಗೊತ್ತಾಗಿತ್ತು. ಅದನ್ನು ಕಾರ್ಯಕ್ರಮದ ನೀತಿಗೆ ತರಲು ಮುಂದೆ ನಾಲ್ಕು ದಶಕಗಳೇ ಬೇಕಾದವು.

ಸ್ವಯಂಸೇವಾ ಸಂಸ್ಥೆ

ಸರ್ಕಾರಕ್ಕಿಂತ ಮೂರು ವರ್ಷ ಮೊದಲೇ, 1949ರಲ್ಲಿ, ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಹುಟ್ಟಿತು. ಅದರ ಮುಂದಾಳು ಧನ್ವಂತಿ ರಾಮರಾವ್ 1893ರಲ್ಲಿ ಜನಿಸಿದ್ದು ಹುಬ್ಬಳ್ಳಿಯಲ್ಲಿ. ಜೊತೆಗಿದ್ದ ಆವಾಬಾಯಿ ವಾಡಿಯಾ ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ಸಂಘದ ಅಧ್ಯಕ್ಷೆಯಾದರು. 1952ರಲ್ಲಿ ಮುಂಬಯಿಯ ಸಮ್ಮೇಳನದಲ್ಲೇ ಅಂತಾರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ರೂಪುಗೊಂಡಿತು. ಅಮೆರಿಕದ ಸಂತಾನ ನಿಯಂತ್ರಣ ಚಳವಳಿಯ ಮಾರ್ಗರೆಟ್ ಸ್ಯಾಂಗರ್ ಮತ್ತು ಧನ್ವಂತಿ ರಾಮರಾವ್ ಅದರ ಜಂಟಿ ಗೌರವಾಧ್ಯಕ್ಷೆಯರು. ಸಂಘಕ್ಕೆ ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಬೆಳಗಾವಿ, ವಿಜಯಪುರ, ಬೀದರ್, ರಾಯಚೂರು, ಉತ್ತರ ಕನ್ನಡ ಮೊದಲಾದೆಡೆ ಶಾಖೆಗಳು ಬೆಳೆದವು. ಶಿವಮೊಗ್ಗದ ಶಾಖೆ ಈ ಸಾಲಿಗೆ ಸೇರುತ್ತದೆ.

ಇಂಥ ಶಾಖೆಯ ಕೆಲಸ ಎರಡು ಬಗೆಯದು. ಒಂದು, ಊರೊಳಗಿನ ಕ್ಲಿನಿಕ್: ಗರ್ಭನಿರೋಧಕ ಸೇವೆ, ಬಸುರಿಯರ ತಪಾಸಣೆ, ಕಾನೂನುಬದ್ಧ ಗರ್ಭಪಾತ, ಸ್ರಾವ ಮತ್ತು ಸೋಂಕಿನ ಚಿಕಿತ್ಸೆ, ಎಚ್‌ಐವಿ ಸಮಾಲೋಚನೆ, ಬಂಜೆತನಕ್ಕೆ ಮೊದಲ ಹಂತದ ಸಲಹೆ. ಇನ್ನೊಂದು, ಕ್ಲಿನಿಕ್ಕಿನ ಹೊರಗೆ ಹಳ್ಳಿ, ಕೊಳೆಗೇರಿ, ತಾಂಡಾಗಳಲ್ಲಿ ಮಹಿಳಾ ಸಂಘಗಳ ಮೂಲಕ ನಡೆಯುವ ಮಾತುಕತೆ, ಕಾಲೇಜುಗಳಲ್ಲಿ ಲೈಂಗಿಕ ಶಿಕ್ಷಣ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಸ್ವಯಂಸೇವಾ ಕ್ಲಿನಿಕ್ಕಿನ ಬೆಲೆ ಇರುವುದು ಅಲ್ಲಿ ಸಿಗುವ ಮಾತ್ರೆಯಲ್ಲಲ್ಲ, ಬಾಗಿಲು ಹಾಕಿ ಕೂತು ಕೇಳುವ ಸಮಯದಲ್ಲಿ.

ಈ ಕೆಲಸಕ್ಕೊಂದು ದುರ್ಬಲ ಕೊಂಡಿಯೂ ಇದೆ. ಸಂಘ ಸೇರಿಕೊಂಡಿರುವ ಅಂತಾರಾಷ್ಟ್ರೀಯ ಒಕ್ಕೂಟದ ಹಣಕಾಸು ಅಮೆರಿಕದ ರಾಜಕೀಯದೊಂದಿಗೆ ಏರಿಳಿಯುತ್ತದೆ. ಗರ್ಭಪಾತದ ಸೇವೆ ಅಥವಾ ಸಲಹೆ ಕೊಡುವ ವಿದೇಶಿ ಸಂಸ್ಥೆಗಳಿಗೆ ನೆರವು ನಿಲ್ಲಿಸುವ ನಿಯಮವನ್ನು ಅಲ್ಲಿನ ಸರ್ಕಾರ 1984ರಲ್ಲಿ ತಂದಿತು. ಪಕ್ಷ ಬದಲಾದಂತೆಲ್ಲ ಅದು ರದ್ದಾಗಿ, ಮತ್ತೆ ಜಾರಿಯಾಗಿ, 2017ರಲ್ಲಿ ಮತ್ತು 2025ರಲ್ಲಿ ಪುನಃ ಬಂದಿದೆ. ಭಾರತದಲ್ಲಿ ಕಾನೂನುಬದ್ಧವಾಗಿರುವ ಸೇವೆಯೊಂದಕ್ಕೆ ಇನ್ನೊಂದು ದೇಶದ ಚುನಾವಣೆ ಕಾರಣವಾಗಿ ಹಣ ಕಡಿಮೆಯಾಗುವುದು ಅನ್ಯಾಯವೇ ಸರಿ.

ಸಂಸ್ಥೆಗಳ ಜೊತೆಗೆ ಪುಸ್ತಕಗಳನ್ನೂ ಹೆಸರಿಸಬೇಕು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೈದ್ಯೆ, ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ ಬರೆದ ‘ವಧುವಿಗೆ ಕಿವಿಮಾತು’, ‘ತಾಯಿ ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಒಂದು ಇಡೀ ತಲೆಮಾರಿನ ಕನ್ನಡ ಹೆಣ್ಣುಮಕ್ಕಳಿಗೆ ತಾಯಿಯನ್ನೂ ಕೇಳಲಾಗದ ಪ್ರಶ್ನೆಗಳಿಗೆ ಉತ್ತರ ಕೊಟ್ಟವು. ಮುಟ್ಟು, ಮೊದಲ ರಾತ್ರಿ, ಬಸಿರು, ಬಾಣಂತನಗಳನ್ನು ನಾಚಿಕೆಯಿಲ್ಲದೆ, ಹೆದರಿಸದೆ, ಸರಳ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದವರು ಅವರು. ಕ್ಲಿನಿಕ್ ಇಲ್ಲದ ಊರಿಗೂ ಈ ಪುಸ್ತಕಗಳು ಹೋದವು.

ಗುರಿ, ಕ್ಯಾಂಪು, ಆಪರೇಷನ್

1960ರ ದಶಕದ ನಡುವಿನಿಂದ ಕಾರ್ಯಕ್ರಮದ ಸ್ವರೂಪ ಬದಲಾಯಿತು. 1965ರಲ್ಲಿ ಗರ್ಭಕೋಶದೊಳಗೆ ಇಡುವ ‘ವಂಕಿ’ ಬಂತು, 1968ರಲ್ಲಿ ನಿರೋಧ್ ಕಾಂಡೋಮ್. ಕಾರ್ಯಕ್ರಮದ ಗುರುತಾದ ಕೆಂಪು ತ್ರಿಕೋನ ಬಸ್ಸಿನ ಹಿಂಬದಿಗೂ ಆಸ್ಪತ್ರೆಯ ಗೋಡೆಗೂ ಏರಿತು. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಘೋಷಣೆ ಕನ್ನಡಿಗರ ಬಾಯಲ್ಲಿ ಗಾದೆಯಷ್ಟೇ ಸಲೀಸಾಯಿತು. ಇಬ್ಬರು ಸಾಕು ಎಂಬುದನ್ನು ಅದು ಚೆನ್ನಾಗಿ ಕಲಿಸಿತು. ಮಗಳಿಗೆ ಆರತಿ, ಮಗನಿಗೆ ಕೀರ್ತಿ ಎಂಬ ಹಳೆಯ ಹಂಚಿಕೆಯನ್ನೂ ಗಟ್ಟಿ ಮಾಡಿತು. ವಿಶ್ವಬ್ಯಾಂಕ್ ಮತ್ತು ಸ್ವೀಡನ್ ನೆರವಿನ ಮೊದಲ ಭಾರತ ಜನಸಂಖ್ಯಾ ಯೋಜನೆ 1973ರಿಂದ ಉತ್ತರ ಪ್ರದೇಶದ ಜೊತೆಗೆ ಕರ್ನಾಟಕದ ಬೆಂಗಳೂರು ಕಂದಾಯ ವಿಭಾಗದಲ್ಲಿ ನಡೆಯಿತು. ಶಿವಮೊಗ್ಗ ಆಗ ಆ ವಿಭಾಗದ ಜಿಲ್ಲೆ. ಉಪಕೇಂದ್ರಗಳ ಕಟ್ಟಡ, ದಾದಿಯರ ವಸತಿ, ತರಬೇತಿಗೆ ಅದರಲ್ಲಿ ಒತ್ತು ಇತ್ತು.

ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಮುಕ್ಕಾಲುಪಾಲು ಗಂಡಸರವು. ಒತ್ತಾಯದ ಕಥೆಗಳು ಉತ್ತರ ಭಾರತದಲ್ಲಿ ಹೆಚ್ಚು, ಆದರೆ ಭಯ ದೇಶಕ್ಕೆಲ್ಲ ಹರಡಿತು. 1977ರ ಚುನಾವಣೆಯ ನಂತರ ‘ಕುಟುಂಬ ಯೋಜನೆ’ ಇಲಾಖೆ ‘ಕುಟುಂಬ ಕಲ್ಯಾಣ’ ಇಲಾಖೆಯಾಯಿತು, ಗಂಡಸರ ಆಪರೇಷನ್ ರಾಜಕೀಯವಾಗಿ ಮುಟ್ಟಬಾರದ ವಿಷಯವಾಯಿತು. ಇಂತಿಷ್ಟು ಆಪರೇಷನ್ ಆಗಬೇಕೆಂಬ ಗುರಿಗಳು ಮಾತ್ರ ಹೋಗಲಿಲ್ಲ. ಇಡೀ ಭಾರ ಹೆಂಗಸರ ಮೇಲೆ ಬಿತ್ತು. ಉದರದರ್ಶಕ ಯಂತ್ರ (ಲ್ಯಾಪರೋಸ್ಕೋಪ್) ಬಂದ ಮೇಲೆ ಒಂದೇ ದಿನ ಹತ್ತಾರು ಆಪರೇಷನ್ ಮಾಡುವ ಕ್ಯಾಂಪುಗಳು ಸಾಮಾನ್ಯವಾದವು. ಬೆಳಗಿನಿಂದ ಊಟವಿಲ್ಲದೆ ಕಾದು, ಆಪರೇಷನ್ ಮುಗಿದ ಮೇಲೆ ನೆಲಕ್ಕೆ ಹಾಸಿದ ಜಮಖಾನದ ಮೇಲೆ ಮಲಗಿ, ಸಂಜೆ ಜೀಪಿನಲ್ಲಿ ಕುಲುಕುತ್ತ ಊರು ಸೇರಿದ ಹೆಂಗಸರು ಕರ್ನಾಟಕದ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತಾರೆ. ಅವರನ್ನು ಕರೆತಂದ ದಾದಿಗೆ ಹಣಕಾಸು ವರ್ಷ ಮುಗಿಯುವ ಮಾರ್ಚ್ ತಿಂಗಳೊಳಗೆ ಗುರಿಯಷ್ಟು ಕೇಸು ತೋರಿಸುವ ಒತ್ತಡ. ಹಳ್ಳಿಯ ಬಾಣಂತಿಗೂ ದಾದಿಗೂ ನಡುವೆ ಬೆಳೆಯಬೇಕಿದ್ದ ನಂಬಿಕೆಯನ್ನು ಈ ಕೇಸುಗಳ ಲೆಕ್ಕ ತಿಂದುಹಾಕಿತು ಎಂಬುದು ಆ ಕಾಲದ ದೊಡ್ಡ ನಷ್ಟ.

1994ರ ಕೈರೋ ಅಂತಾರಾಷ್ಟ್ರೀಯ ಜನಸಂಖ್ಯಾ ಸಮ್ಮೇಳನ ಜನಸಂಖ್ಯೆಯ ಗುರಿಗಿಂತ ಹೆಣ್ಣಿನ ಆರೋಗ್ಯ ಮತ್ತು ಹಕ್ಕು ಮುಖ್ಯ ಎಂದಿತು. 1996ರಲ್ಲಿ ಭಾರತ ಗುರಿಮುಕ್ತ ನೀತಿಗೆ ಬಂತು. ಕ್ಯಾಂಪುಗಳು ಆಮೇಲೂ ಉಳಿದವು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡ ಹದಿಮೂರು ಹೆಂಗಸರು ಸತ್ತರು. 2016ರ ಸೆಪ್ಟೆಂಬರ್ 14ರಂದು ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಕ್ಯಾಂಪುಗಳನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಆಸ್ಪತ್ರೆಯಲ್ಲೇ, ನಿಗದಿತ ದಿನಗಳಲ್ಲಿ ಸೇವೆ ಕೊಡುವ ಈಗಿನ ಪದ್ಧತಿ ಗಟ್ಟಿಯಾದದ್ದು ಆ ತೀರ್ಪಿನ ನಂತರ.

ಭದ್ರಾವತಿ: ಕಾರ್ಖಾನೆಯ ಕುಟುಂಬ

ಬೆಂಕಿಪುರ ಎಂಬ ಸಣ್ಣ ಊರು ಭದ್ರಾವತಿಯಾದದ್ದು 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯಿಂದ. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸೇರಿತು. ಕನ್ನಡ, ತಮಿಳು, ಉರ್ದು, ತೆಲುಗು, ಲಂಬಾಣಿ ಮಾತಾಡುವ ಕುಟುಂಬಗಳು ಇಲ್ಲಿ ಒಂದೇ ಓಣಿಯಲ್ಲಿ ನೆಲೆಸಿದವು. ಒಂದೇ ಭಿತ್ತಿಚಿತ್ರ ಎಲ್ಲರಿಗೂ ಹೊಂದುವ ಊರು ಇದಲ್ಲ.

ಕಾರ್ಖಾನೆಯ ಊರಿನಲ್ಲಿ ಸಣ್ಣ ಕುಟುಂಬದ ವಿಚಾರ ಬೇಗ ಬೇರೂರಲು ಕಾರಣಗಳಿದ್ದವು. ತಿಂಗಳ ಸಂಬಳ, ಕ್ವಾರ್ಟರ್ಸಿನ ಎರಡು ಕೋಣೆ, ಹತ್ತಿರದಲ್ಲೇ ಶಾಲೆ, ಕಾರ್ಖಾನೆಯ ಆಸ್ಪತ್ರೆ. ಹೊಲದ ಕೆಲಸಕ್ಕೆ ಮಕ್ಕಳ ಕೈ ಬೇಕೆನ್ನುವ ಮಾತು ಇಲ್ಲಿರಲಿಲ್ಲ. ಕಾನೂನೂ ಜೊತೆಗೂಡಿತು: ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯ ಕಾರ್ಮಿಕರು ಆಪರೇಷನ್ ಮಾಡಿಸಿಕೊಂಡರೆ ಗಂಡಸಿಗೆ ಏಳು ದಿನ, ಹೆಂಗಸಿಗೆ ಹದಿನಾಲ್ಕು ದಿನ ಪೂರ್ಣ ವೇತನಕ್ಕೆ ಸಮನಾದ ಭತ್ಯೆ ಇದೆ, ಸರ್ಕಾರಿ ನೌಕರರಿಗೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಆದರೆ ಕಾಗದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಹಳೆಯ ಮೈಸೂರು ಕಬ್ಬಿಣದ ಕಾರ್ಖಾನೆಯೇ ಆದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು. ಕಾಯಂ ಕೆಲಸ ಹೋದ ಮನೆಗೆ ಕಾರ್ಖಾನೆಯ ವೈದ್ಯಕೀಯ ಸೌಲಭ್ಯವೂ ಹೋಗುತ್ತದೆ. ಗುತ್ತಿಗೆಯಲ್ಲಿ ದುಡಿಯುವ ಹೆಂಗಸಿಗೆ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿಯಿಲ್ಲ. ಹೀಗಾಗಿ ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆ ಮತ್ತು ಸ್ವಯಂಸೇವಾ ಸಂಸ್ಥೆಗಳ ಮೇಲಿನ ಅವಲಂಬನೆ ಮೊದಲಿಗಿಂತ ಹೆಚ್ಚು.

ಸಮಾಲೋಚನೆಯ ಮೇಜು

ಹೆರಿಗೆಗೆ ಬಂದವಳ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಮೊದಲ ಮಗು, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಸಮಾಲೋಚಕಿಯ ಮೇಜಿನ ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿಟ್ಟಿರುತ್ತಾರೆ: ನಿರೋಧ್, ಮಾಲಾ ಮಾತ್ರೆಯ ಹಾಳೆ, ‘ಛಾಯಾ’, ‘ಅಂತರಾ’ ಚುಚ್ಚುಮದ್ದಿನ ಸೀಸೆ, ಕಾಪರ್-ಟಿ. ತಾಮ್ರದ ಸಣ್ಣ ತಂತಿ ಸುತ್ತಿದ ಆ ಸಾಧನವನ್ನು ಕೈಗೆ ಕೊಟ್ಟಾಗ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ, ಇಷ್ಟು ಚಿಕ್ಕದೇ ಎಂದು. ಅದು ಹೊಟ್ಟೆಯೊಳಗೆ ಮೇಲೆ ಹತ್ತಿ ಎದೆಗೆ ಹೋಗುತ್ತದೆ ಎಂದು ಅತ್ತೆಯೋ ನೆರೆಯವರೋ ಹೇಳಿರುತ್ತಾರೆ. ಗರ್ಭಕೋಶದ ಮಾದರಿಯನ್ನು ತೆರೆದು ತೋರಿಸಿ, ಅಲ್ಲಿಂದ ಹೋಗಲು ದಾರಿಯೇ ಇಲ್ಲವೆಂದು ವಿವರಿಸಿದ ಮೇಲೆ ಮುಖದ ಬಿಗಿ ಸಡಿಲಾಗುತ್ತದೆ.

ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದು, ಬೇಡವಾದ ದಿನ ತೆಗೆಸಬಹುದು. ‘ಅಂತರಾ’ವನ್ನು ಮೂರು ತಿಂಗಳಿಗೊಮ್ಮೆ ಹಾಕಿಸಬೇಕು, ಮುಟ್ಟಿನಲ್ಲಿ ಏರುಪೇರಾಗುತ್ತದೆಂದು ಮೊದಲೇ ಹೇಳದಿದ್ದರೆ ಎರಡನೆಯ ಚುಚ್ಚುಮದ್ದಿಗೆ ಆಕೆ ಬರುವುದಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮಾನ್ ಹಾರ್ಮೋನ್ ಇಲ್ಲದ ಮಾತ್ರೆ, ‘ಛಾಯಾ’ ಹೆಸರಿನಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅಂತರಾ, ಛಾಯಾ ಎರಡೂ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ. ಆಪರೇಷನ್‌ಗೆ ಆಕೆಯದೇ ಒಪ್ಪಿಗೆ ಸಾಕು, ನಿಯಮದ ಪ್ರಕಾರ ಗಂಡನ ಸಹಿ ಕಡ್ಡಾಯವಲ್ಲ. ಇದು ಎಷ್ಟೋ ಆಸ್ಪತ್ರೆಗಳ ಸಿಬ್ಬಂದಿಗೇ ನೆನಪಿರುವುದಿಲ್ಲ, ಗಂಡನನ್ನು ಕರೆತನ್ನಿ ಎಂದು ವಾಪಸು ಕಳಿಸುವ ರೂಢಿ ಇನ್ನೂ ಇದೆ.

ಆಯ್ಕೆ ಇಷ್ಟಿದ್ದರೂ ಬಳಕೆಯ ಚಿತ್ರ ಬದಲಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7ಕ್ಕೆ ಇಳಿದಿದೆ. ವಿವಾಹಿತ ಹೆಂಗಸರಲ್ಲಿ ಶೇ. 57.4 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಶೇ. 0.0. ಚಾಕು ಬಳಸದ ವ್ಯಾಸೆಕ್ಟಮಿ ಕಾಲು ಗಂಟೆಯ ಕೆಲಸ, ಹೊಟ್ಟೆ ಕೊಯ್ಯುವುದಿಲ್ಲ, ಅರಿವಳಿಕೆಯ ಅಪಾಯವೂ ತೀರಾ ಕಡಿಮೆ. ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ನಿರೋಧ್ ಬಳಸಬೇಕು ಅಷ್ಟೆ. ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ಪುರುಷರಿಗಾಗಿ ಪಾಕ್ಷಿಕ ನಡೆಯುತ್ತದೆ, ಬ್ಯಾನರ್ ಕಟ್ಟುತ್ತಾರೆ. ಆದರೆ ಅವರು ದುಡಿಯುವವರು, ನಿಶ್ಶಕ್ತಿಯಾದರೆ ಕಷ್ಟ, ನಾನೇ ಮಾಡಿಸ್ಕೊಳ್ತೀನಿ ಎಂದು ಹೆಂಡತಿಯೇ ಮುಂದೆ ಬರುತ್ತಾಳೆ. ಆಕೆಯೂ ಅಡಿಕೆ ಸುಲಿದು, ಗದ್ದೆ ನೆಟ್ಟು, ಊದುಬತ್ತಿ ಹೊಸೆದು ದುಡಿಯುವವಳೇ. ಈ ಪ್ರದೇಶದ ಸಂಸ್ಥೆಗಳು ಇನ್ನು ಗಮನ ಕೊಡಬೇಕಾದದ್ದು ಹೆಂಗಸರನ್ನು ಒಪ್ಪಿಸುವುದಕ್ಕಲ್ಲ. ಅವರು ಯಾವತ್ತೋ ಒಪ್ಪಿದ್ದಾರೆ. ಮಾತಾಡಬೇಕಾದದ್ದು ಗಂಡಸರೊಡನೆ, ಆಟೊ ನಿಲ್ದಾಣದಲ್ಲಿ, ಅಡಿಕೆ ಮಂಡಿಯಲ್ಲಿ, ಯೂನಿಯನ್ ಕಚೇರಿಯಲ್ಲಿ.

ಗರ್ಭಪಾತ ಮತ್ತು ಗುಟ್ಟು

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರಿಂದ ಜಾರಿಯಲ್ಲಿದೆ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು ಮೊದಲಾದ ಕೆಲವರಿಗೆ 24 ವಾರದವರೆಗೆ ಅವಕಾಶವಿದೆ, ಇಬ್ಬರು ವೈದ್ಯರು ಒಪ್ಪಬೇಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಯರನ್ನೂ ಇದರಿಂದ ಹೊರಗಿಡುವಂತಿಲ್ಲ ಎಂದಿತು. ಮಹಿಳೆಯ ಹೆಸರು ಹೊರಗೆಡಹಿದರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಶಿವಮೊಗ್ಗದಂಥ ಊರಿನ ತೊಡಕು ಬೇರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಸೋದರತ್ತೆಯ ಮನೆಯ ಪಕ್ಕದವರು ಸಿಗುತ್ತಾರೆ. ಹಾಗಾಗಿ ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ, ಶಿವಮೊಗ್ಗದವರು ದಾವಣಗೆರೆಗೋ ಮಂಗಳೂರಿಗೋ ಹೋಗುತ್ತಾರೆ. ಹೋಗಲು ಹಣವಿಲ್ಲದವರು ಔಷಧದಂಗಡಿಯಿಂದ ಮಾತ್ರೆ ತರಿಸಿ ಮನೆಯಲ್ಲೇ ನುಂಗುತ್ತಾರೆ, ರಕ್ತ ನಿಲ್ಲದಾದಾಗ ರಾತ್ರಿ ತುರ್ತು ವಿಭಾಗಕ್ಕೆ ಬರುತ್ತಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಒಂಬತ್ತು ವಾರದೊಳಗೆ ತೆಗೆದುಕೊಂಡರೆ ಈ ಮಾತ್ರೆಗಳು ಸುರಕ್ಷಿತ. ಗರ್ಭ ನಾಳದಲ್ಲಿ ನಿಂತಿದೆಯೋ ಗರ್ಭಕೋಶದಲ್ಲೋ ಎಂಬುದನ್ನು ನೋಡದೆ ನುಂಗುವುದು ಪ್ರಾಣಕ್ಕೆ ಅಪಾಯ. ಹೆಸರು ಕೂಗದ, ಫೈಲು ತೆರೆದಿಡದ ಕ್ಲಿನಿಕ್ ಎಷ್ಟು ಜೀವ ಉಳಿಸುತ್ತದೆ ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ.

ಭ್ರೂಣಲಿಂಗ ಪತ್ತೆ ಇದಕ್ಕಿಂತ ಬೇರೆಯಾದ ವಿಷಯ, 1994ರ ಕಾಯ್ದೆಯಡಿ ಅಪರಾಧ. 2011ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 998 ಹೆಂಗಸರಿದ್ದರು, ಇದು ರಾಜ್ಯದ ಸರಾಸರಿಗಿಂತ ಮೇಲು. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ, 2023ರಲ್ಲಿ ಮಂಡ್ಯ–ಮೈಸೂರು ಭಾಗದಲ್ಲಿ ಬಯಲಾದ ಭ್ರೂಣಹತ್ಯೆ ಜಾಲ ಇಂಥ ದಂಧೆ ಆಲೆಮನೆಯಲ್ಲೂ ನಡೆಯಬಲ್ಲದೆಂದು ತೋರಿಸಿತು.

ಹೊಸ ಅಗತ್ಯಗಳು

ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ’ ಕ್ಲಿನಿಕ್‌ಗಳಿವೆ, ಶಾಲೆಗಳಿಗೆ ‘ಶುಚಿ’ ಯೋಜನೆಯ ಸ್ಯಾನಿಟರಿ ಪ್ಯಾಡ್‌ಗಳಿವೆ. ಆದರೆ 2019–21ರ ಅದೇ ಸಮೀಕ್ಷೆಯಂತೆ ರಾಜ್ಯದಲ್ಲಿ 20–24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಒಂದು, ಇಪ್ಪತ್ತೊಂದಕ್ಕೆ ಇನ್ನೊಂದು, ಕೂಡಲೇ ಆಪರೇಷನ್: ಈ ಸರಣಿಯಲ್ಲಿ ಅಂತರದ ಸಾಧನಕ್ಕೆ ಜಾಗವೇ ಇಲ್ಲ. ನಂತರದ ಮೂವತ್ತು ವರ್ಷ ಆಕೆಯ ಗರ್ಭಕೋಶದ ಬಗ್ಗೆ ಯಾರೂ ಕೇಳುವುದಿಲ್ಲ. ಆಪರೇಷನ್ ಆದವಳಿಗೆ ಕುಟುಂಬ ಯೋಜನೆಯ ಕ್ಲಿನಿಕ್ಕಿನಲ್ಲಿ ಏನು ಕೆಲಸ ಎಂಬ ಭಾವನೆ ಮನೆಯವರಿಗೂ ಇದೆ, ಆಕೆಗೂ ಇದೆ. ಗರ್ಭಕಂಠದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ತಪಾಸಣೆಗೆ ದುಬಾರಿ ಯಂತ್ರ ಬೇಡ, ತರಬೇತಾದ ದಾದಿ ಸಾಕು, ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಮೂವತ್ತು ದಾಟಿದ ಪ್ರತಿಯೊಬ್ಬಳನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಬಿಳಿಸೆರಗಿಗೆ, ಹೆಚ್ಚು ರಕ್ತಸ್ರಾವಕ್ಕೆ ಗರ್ಭಕೋಶವನ್ನೇ ತೆಗೆಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುವ ಕಡೆ ಈ ತಪಾಸಣೆ ಇನ್ನೂ ಅಪರೂಪ.

ಮಲೆನಾಡಿನ ಒಳತಾಲ್ಲೂಕುಗಳಲ್ಲಿ ಈಗ ಕೇಳಿಬರುವ ಮಾತು ತಿರುವುಮುರುವಾಗಿದೆ. ಮಕ್ಕಳಿಲ್ಲದೆ ಹಳ್ಳಿಯ ಸರ್ಕಾರಿ ಶಾಲೆಗಳು ಮುಚ್ಚುತ್ತಿವೆ, ತೋಟದ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ ಉಳಿದಿದ್ದಾರೆ, ತಡವಾಗಿ ಮದುವೆಯಾದವರು ಬಂಜೆತನದ ಚಿಕಿತ್ಸೆಗೆ ಲಕ್ಷಗಟ್ಟಲೆ ಸುರಿಯುತ್ತಿದ್ದಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ಬಂಜೆತನಕ್ಕೆ ಸಿಗುವ ಸೇವೆ ತೀರಾ ಕಡಿಮೆ. ಇಲ್ಲಿಯೂ ಮೊದಲು ಪರೀಕ್ಷೆಗೆ ಬರುವವಳು ಹೆಂಡತಿ. ರಕ್ತ, ಸ್ಕ್ಯಾನಿಂಗ್, ನಾಳದ ಎಕ್ಸ್‌ರೇ ಎಲ್ಲ ಮುಗಿದ ಮೇಲಷ್ಟೇ ಗಂಡನ ವೀರ್ಯ ಪರೀಕ್ಷೆಗೆ ಚೀಟಿ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ ಆ ಪರೀಕ್ಷೆ ಮೊದಲ ದಿನವೇ ಆಗಬೇಕಾದದ್ದು.